ಮನೆಯ ಓರಣ

ಮನೆಯನ್ನು ಕಟ್ಟುವುದು ಕಷ್ಟವೆಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ಕಟ್ಟಿದ ಮನೆಯೊಳಗೆ ನಾಲ್ಕು ಮಂದಿ ಕುಳಿತುಕೊಳ್ಳುವಷ್ಟು ಸ್ಥಳವನ್ನು ಉಳಿಸಿಕೊಳ್ಳುವುದು ಅದಕ್ಕಿಂತಲೂ ಕಷ್ಟವೆಂಬುದು ನನಗೆ ಈಚೆಗೆ, ಅದೂ ನಾಚಿಕೆಪಟ್ಟುಕೊಂಡ ಮೇಲೆ, ತಿಳಿಯಿತು. ಆ ಸಂಗತಿಯನ್ನು ವಾಚಕರ ಮುಂದೆ ಇಡುವುದರಿಂದ ನನಗೆ ಗೌರವವೇನೂ ಹೆಚ್ಚುವಂತಿಲ್ಲ. ಆದರೂ ಯಾರಿಗಾದರೂ ಉಪಯೋಗವಾದೀತೆಂಬ ಆಸೆಯಿಂದ ಬರೆಯುತ್ತಿದ್ದೇನೆ.

ನಮ್ಮ ಮನೆಯಿರುವುದು ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯಲ್ಲಿ. ತಾತನ ಕಾಲದ ತೊಟ್ಟಿಯ ಮನೆ. ಅಣ್ಣನು ಬೆಂಗಳೂರನ್ನೂ ನಾನು ಮೈಸೂರನ್ನೂ ಸೇರಿ ಎಷ್ಟೋ ವರ್ಷಗಳಾದುವು. ಮನೆಯಲ್ಲಿ ಉಳಿದವರು ಎಂಬತ್ತು ದಾಟಿದ ನಮ್ಮ ಅವ್ವ, ಮತ್ತು ಗದ್ದೆ ನೋಡಿಕೊಳ್ಳುವ ತಮ್ಮನ ಸಂಸಾರ. ತಮ್ಮನ ಹೆಂಡತಿ ಬೆಳಗ್ಗೆಯೇ ಗಾರ್ಮೆಂಟ್ಸ್ ಕಾರ್ಖಾನೆಗೆ ಹೊರಡುವವಳಾದುದರಿಂದ ಮಧ್ಯಾಹ್ನದ ಅಡುಗೆ ಇಂದಿಗೂ ಅವ್ವನದೇ.

1999ರಿಂದ 2004ರವರೆಗೆ ರಾಜ್ಯದ ಮುಖ್ಯಮಂತ್ರಿಗಳಾಗಿದ್ದ, ನಮ್ಮ ಊರಿನವರೇ ಆದ ಎಸ್. ಎಂ. ಕೃಷ್ಣ ಅವರು 2024ರ ಡಿಸೆಂಬರ್ 10ರಂದು ಕಾಲವಾದರು. ಮರುದಿನ ಅವರ ಅಂತ್ಯಸಂಸ್ಕಾರವು ಸೋಮನಹಳ್ಳಿಯಲ್ಲಿಯೇ ನಡೆಯಿತು. ಊರಿಗೆ ಊರೇ ಜನವಾಗಿ ಹೋಗಿದ್ದ ಆ ದಿನ ನಮ್ಮ ಮನೆಗೂ ಹತ್ತು ಹನ್ನೆರಡು ಮಂದಿ ನೆಂಟರು ಬಂದರು. ಬಂದವರಲ್ಲಿ ಮಳವಳ್ಳಿಯ ಕಡೆಯ ವೃದ್ಧರೊಬ್ಬರಿದ್ದರು. ನಮ್ಮ ತಂದೆಗೆ ಸೋದರಮಾವನ ಮಗ. ಅವರನ್ನು ಕುಳ್ಳಿರಿಸಲು ನಡುಮನೆಯಲ್ಲಿ ಸ್ಥಳವಿರಲಿಲ್ಲ. ಒಂದು ಗೋಡೆಗೆ ರಾಗಿಯ ಮೂಟೆಗಳು, ಇನ್ನೊಂದಕ್ಕೆ ಗೊಬ್ಬರದ ಖಾಲಿ ಚೀಲಗಳ ಹೊರೆ, ಮೂಲೆಯಲ್ಲಿ ಹನಿ ನೀರಾವರಿಯ ಕೊಳವೆಗಳ ಸುರುಳಿ, ನಡುವೆ ಎರಡು ಮಂಚ, ಮಂಚದ ಮೇಲೆ ಮಡಿಸಬೇಕಾದ ಬಟ್ಟೆ, ಮಂಚದ ಕೆಳಗೆ ಯಾವಾಗಲೋ ತಂದ ದೂರದರ್ಶನದ ಪೆಟ್ಟಿಗೆಯ ಖಾಲಿ ರಟ್ಟು. ಚಾಪೆ ಹಾಸೋಣವೆಂದರೆ ನೆಲವೆಲ್ಲಿ? ಆ ಹಿರಿಯರು ಎರಡು ಕ್ಷಣ ಸುತ್ತಲೂ ನೋಡಿ, ಏನೂ ಮಾತನಾಡದೆ, ಒಂದು ರಾಗಿಯ ಮೂಟೆಯ ಮೇಲೆ ಕುಳಿತರು. ಅಣ್ಣನ ಮುಖವನ್ನು ನಾನು ನೋಡಿದೆನು. ಅವನು ನನ್ನ ಮುಖವನ್ನು ನೋಡಿದನು. ಯುಗಾದಿಯೊಳಗೆ ಇದಕ್ಕೊಂದು ಗತಿ ಕಾಣಿಸಲೇಬೇಕೆಂದು ಅಂದೇ ನಿಶ್ಚಯವಾಯಿತು.

ನಮ್ಮ ಹಿರಿಯರೇನು ಸಾಮಾನಿಲ್ಲದೆ ಬದುಕಿದವರಲ್ಲ. ಧಾತು ಈಶ್ವರದ ಬರಗಾಲವೆಂದು ಹೆಸರಾದ 1876–78ರ ಕ್ಷಾಮದಲ್ಲಿ ಮೈಸೂರು ಸೀಮೆಯ ಲಕ್ಷಾಂತರ ಜನ ಅನ್ನವಿಲ್ಲದೆ ಸತ್ತರು. ಅಂತಹ ಕಾಲವನ್ನು ಕಂಡವರ ಮಕ್ಕಳು ಮೊಮ್ಮಕ್ಕಳು ಒಂದು ಹಿಡಿ ಧಾನ್ಯವನ್ನಾಗಲಿ ಒಂದು ತುಂಡು ಹಗ್ಗವನ್ನಾಗಲಿ ಎಸೆಯಲಾರದೆ ಹೋದುದರಲ್ಲಿ ಆಶ್ಚರ್ಯವಿಲ್ಲ. ಆದರೆ ಅವರು ಕೂಡಿಟ್ಟ ಪ್ರತಿಯೊಂದಕ್ಕೂ ಒಂದು ನೆಲೆಯಿತ್ತು. ವರ್ಷಗಟ್ಟಲೆ ಉಳಿಯಬೇಕಾದ ರಾಗಿಗೆ ನೆಲದೊಳಗಿನ ಹಗೇವು. ಹುಳು ಹಿಡಿಯದ ಧಾನ್ಯವಾದುದರಿಂದ ಅದು ಅಲ್ಲಿ ಕೆಡದೆ ಇರುತ್ತಿತ್ತು. ದಿನದ ಖರ್ಚಿನ ಕಾಳಿಗೆ ಮಣ್ಣಿನ ವಾಡೆ. ಹಾಲು ಮೊಸರಿಗೆ, ಬೆಕ್ಕು ನೆಗೆದರೂ ಎಟುಕದಂತೆ ತೊಲೆಗೆ ಕಟ್ಟಿದ ನೆಲುವು. ಬಟ್ಟೆಗೆ ಗಳು, ದೀಪಕ್ಕೆ ಗೋಡೆಯ ಗೂಡು, ವರ್ಷಕ್ಕೊಮ್ಮೆ ಬೇಕಾಗುವ ಪಾತ್ರೆಗಳಿಗೆ ಅಟ್ಟ. ನೆಲವನ್ನು ಮನುಷ್ಯರಿಗೆ ಬಿಟ್ಟು, ಸಾಮಾನನ್ನು ನೆಲದ ಕೆಳಕ್ಕೋ ತಲೆಯ ಮೇಲಕ್ಕೋ ಕಳುಹಿಸಿದ ಬುದ್ಧಿ ಅವರದು.

ನಮ್ಮ ಕಾಲದಲ್ಲಿ ಆದುದೇನೆಂದರೆ, ಹೊಸದು ಬಂದಿತು, ಹಳೆಯದು ಹೋಗಲಿಲ್ಲ. ಮಿಕ್ಸಿ ಬಂದಿತು, ಒರಳು ಕುಳಿತಲ್ಲೇ ಕುಳಿತಿತು. ಗ್ಯಾಸಿನ ಒಲೆ ಬಂದಿತು, ಸೌದೆಯ ಒಲೆ ಅದರ ಪಕ್ಕದಲ್ಲಿ ಉಳಿಯಿತು. ನಡುವೆ ಹದಿನೈದು ವರ್ಷ ಆಳಿದ ಸೀಮೆಎಣ್ಣೆಯ ಸ್ಟೌವು ಬಾಗಿಲ ಸಂದಿಯನ್ನು ಸೇರಿತು. ಇವುಗಳ ಮೇಲೆ ಪ್ಲಾಸ್ಟಿಕ್ ಚೀಲಗಳು. ಒಂದರೊಳಗೊಂದು, ಅದರೊಳಗೆ ಮತ್ತೊಂದು.

ಯುಗಾದಿ 2025ರ ಮಾರ್ಚ್ 30ರಂದು ಬಿದ್ದಿತ್ತು. ಅದಕ್ಕೆ ಹದಿನೈದು ದಿವಸ ಮುಂಚಿತವಾಗಿ ಅಣ್ಣನೂ ನಾನೂ ಹೆಂಡಿರು ಮಕ್ಕಳೊಡನೆ ಊರಿಗೆ ಹೋದೆವು. ಮನೆಯನ್ನೆಲ್ಲ ಒಮ್ಮೆಗೇ ಹಿಡಿಯದೆ, ಹೆಚ್ಚು ಬಳಕೆಯಲ್ಲಿರುವ ನಡುಮನೆ ಮತ್ತು ಅಡುಗೆಮನೆ ಇವೆರಡನ್ನೇ ಸರಿಪಡಿಸುವುದೆಂದು ಗೊತ್ತುಮಾಡಿದೆವು.

ಮೊದಲನೆಯ ದಿನ ನಡುಮನೆ. ಮೂಟೆಗಳು ಕೊಟ್ಟಿಗೆಯ ಪಕ್ಕದ ಕೋಣೆಗೆ ಹೋದುವು. ತಂದೆಯವರ ಟ್ರಂಕನ್ನು ತೆರೆದೆವು. 1933ರಲ್ಲಿ ಸ್ಥಾಪಿತವಾದ ಮಂಡ್ಯದ ಸಕ್ಕರೆ ಕಾರ್ಖಾನೆಗೆ ಅವರು ಸಾಗಿಸಿದ ಕಬ್ಬಿನ ತೂಕದ ಚೀಟಿಗಳು, ಬಿತ್ತನೆ ಬೀಜದ ರಸೀದಿಗಳು, ಒಂದೇ ಪಹಣಿಯ ಆರೇಳು ಕೈಬರಹದ ಪ್ರತಿಗಳು. ಹಿಂದೆ ಒಂದು ಪಹಣಿಗಾಗಿ ಎಷ್ಟು ಸಲ ಅಲೆಯಬೇಕಾಗಿತ್ತೆಂಬುದನ್ನು ಬಲ್ಲವರಿಗೆ ಆ ಆರೇಳು ಪ್ರತಿಗಳ ಅರ್ಥ ತಿಳಿದೀತು. ಕೃಷ್ಣ ಅವರ ಆಡಳಿತದ ಕಾಲದಲ್ಲಿ ‘ಭೂಮಿ’ ಯೋಜನೆಯ ಮೂಲಕ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಗಣಕಯಂತ್ರವನ್ನು ಸೇರಿದ ಮೇಲೆ ಆ ಅಲೆದಾಟ ತಗ್ಗಿತು; ಆದರೆ ಟ್ರಂಕಿಗೆ ಅದು ತಿಳಿಯಲಿಲ್ಲ. ಕ್ರಯಪತ್ರ, ವಿಭಾಗಪತ್ರ, ಖಾತೆಯ ಕಾಗದ ಇವನ್ನು ಒಂದು ಕಟ್ಟುಮಾಡಿ, ಪಹಣಿಯ ಪ್ರತಿಯೊಂದನ್ನು ಅದಕ್ಕೆ ಸೇರಿಸಿ, ಮಿಕ್ಕುದನ್ನು ನೀರೊಲೆಗೆ ಹಾಕಿದೆವು. ತಂದೆಯವರ ಕೈಬರಹವಿದ್ದ ಒಂದು ಲೆಕ್ಕದ ಪುಸ್ತಕವನ್ನು ಮಾತ್ರ ಅಣ್ಣನು, ನಾನು ನೋಡುತ್ತಿಲ್ಲವೆಂದುಕೊಂಡು, ತನ್ನ ಚೀಲಕ್ಕೆ ಸೇರಿಸಿಕೊಂಡನು. ಸಂಜೆಯ ವೇಳೆಗೆ ನಡುಮನೆಯ ನೆಲ ಕಾಣಿಸಿತು.

ಎರಡನೆಯ ದಿನ ಅಡುಗೆಮನೆ. ಮೈಸೂರಿನಿಂದ ಒಂದೇ ಅಳತೆಯ, ಒಂದೇ ಬಣ್ಣದ ಮುಚ್ಚಳದ ಇಪ್ಪತ್ತನಾಲ್ಕು ಡಬ್ಬಿಗಳನ್ನು ಕೊಂಡು ತಂದಿದ್ದೆವು. ಉಪ್ಪಿನ ಪಿಂಗಾಣಿ ಭರಣಿ, ಬೇಳೆಯ ಗಾಜಿನ ಸೀಸೆ, ಖಾರದಪುಡಿಯ ಸೊಟ್ಟಗಾದ ತಗಡಿನ ಡಬ್ಬ, ಹುಣಿಸೆಹಣ್ಣಿನ ಮಡಕೆ ಎಲ್ಲವನ್ನೂ ಬರಿದುಮಾಡಿ ಡಬ್ಬಿಗಳಿಗೆ ತುಂಬಿದೆವು. ಮಕ್ಕಳು ಅಂದವಾದ ಅಕ್ಷರದಲ್ಲಿ ಹೆಸರುಗಳನ್ನು ಬರೆದು ಅಂಟಿಸಿದರು. ಅಕ್ಕಿಯ ಡಬ್ಬದಲ್ಲಿ ಹಿತ್ತಾಳೆಯ ಪಾವು ಒಂದಿತ್ತು. ದೇಶದಲ್ಲಿ ಮೆಟ್ರಿಕ್ ಅಳತೆಗಳ ಕಾಯಿದೆಯಾದದ್ದು 1956ರಲ್ಲಿ. ಸೇರು ಪಾವುಗಳು ಅಂಗಡಿಯಿಂದ ಮರೆಯಾಗಿ ಎಷ್ಟೋ ಕಾಲವಾಯಿತು. ಆದುದರಿಂದ ಅದನ್ನು ಪುರಾತನ ವಸ್ತುವೆಂದು ಬೆಳಗಿಸಿ, ನಡುಮನೆಯ ಗಾಜಿನ ಬೀರುವಿನಲ್ಲಿ ಇಟ್ಟೆವು. ಅವ್ವ ಜಗಲಿಯ ಮೇಲೆ ಕುಳಿತು ಸದ್ದನ್ನು ಕೇಳುತ್ತಿದ್ದಳು. ‘ನೀನು ಶ್ರಮಪಡಬೇಡ, ಎಲ್ಲವನ್ನೂ ನಾವೇ ನೋಡಿಕೊಳ್ಳುತ್ತೇವೆ’ ಎಂದು ನಾನೇ ಹೇಳಿದ್ದೆನು.

ಕೆಲಸ ಮುಗಿಯಿತು. ಅಡುಗೆಮನೆ ಚಿತ್ರದಲ್ಲಿರುವಂತೆ ಕಂಡಿತು. ತಮ್ಮನ ಹೆಂಡತಿ ರಜ ಹಾಕಿದ್ದಳಾಗಿ ಮೂರು ದಿನ ಅಡುಗೆಯನ್ನು ಸೊಸೆಯಂದಿರೇ ಮಾಡಿದರು. ಆ ಮೂರು ದಿನವೂ ಅವ್ವ ನಡುಮನೆಯ ಬರಿದಾದ ನೆಲದ ಮೇಲೆ, ಗೋಡೆಗೊರಗಿಕೊಂಡು, ಮಡಿಲಲ್ಲಿ ಕೈಯಿಟ್ಟುಕೊಂಡು ಕುಳಿತಿದ್ದಳು. ವಿಶ್ರಾಂತಿ ದೊರೆತುದಕ್ಕೆ ಸಂತೋಷವಾಗಿದೆಯೆಂದೇ ನಾವು ಭಾವಿಸಿದೆವು. ನಾಲ್ಕನೆಯ ದಿನ ಮಧ್ಯಾಹ್ನ ಎಲ್ಲರೂ ಮದ್ದೂರಿಗೆ ಹೋಗಿದ್ದಾಗ ನಾನೊಬ್ಬನೇ ಮನೆಯಲ್ಲಿದ್ದೆನು. ಅಡುಗೆಮನೆಯಲ್ಲಿ ಡಬ್ಬಿಗಳ ಮುಚ್ಚಳ ತೆರೆಯುವ ಮುಚ್ಚುವ ಸದ್ದು ಬಹಳ ಹೊತ್ತು ಕೇಳಿಸಿತು. ಹೋಗಿ ನೋಡಿದೆನು. ಅವ್ವ ಸಾಲಾಗಿದ್ದ ಡಬ್ಬಿಗಳನ್ನು ಒಂದೊಂದಾಗಿ ತೆರೆದು, ಬೆರಳಿನಿಂದ ಮುಟ್ಟಿ, ನಾಲಗೆಗೆ ಹಚ್ಚಿಕೊಂಡು ನೋಡುತ್ತಿದ್ದಳು. ಒಲೆಯ ಮೇಲಿನ ಸಾರು ಕುದಿದು ಬತ್ತುತ್ತಿತ್ತು.

‘ಉಪ್ಪ ಎಲ್ಲಿಕ್ಕಿದ್ದೀರಪ್ಪ?’ ಎಂದು ಕೇಳಿದಳು. ದನಿಯಲ್ಲಿ ಕೋಪವಿರಲಿಲ್ಲ, ಬೇರೆಯವರ ಮನೆಯಲ್ಲಿ ಕೇಳುವಂತೆ ಕೇಳಿದಳು.

ನಮ್ಮ ಅವ್ವನ ಎಡಗಣ್ಣಿನ ದೃಷ್ಟಿ ಹೋಗಿ ಆರು ವರ್ಷವಾಗಿದೆ, ಬಲಗಣ್ಣು ಮಸುಕು. ಪೊರೆಯಾಗಿದ್ದರೆ ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದಾಗಿತ್ತು. ಇದು ಗ್ಲಾಕೋಮಾ, ಕಣ್ಣಿನೊಳಗಿನ ಒತ್ತಡದಿಂದ ನರ ಕೆಡುವ ರೋಗ. ಇದರಲ್ಲಿ ಹೋದ ದೃಷ್ಟಿ ಮರಳಿ ಬರುವುದಿಲ್ಲ; ಉಳಿದುದನ್ನು ಔಷಧದ ಹನಿಯಿಂದ ಕಾಪಾಡಿಕೊಳ್ಳುವುದಷ್ಟೆ. ಈ ಸಂಗತಿ ನಮಗೆ ತಿಳಿಯದಿದ್ದುದಲ್ಲ. ತಿಂಗಳಿಗೊಮ್ಮೆ ಔಷಧವನ್ನು ಕಳುಹಿಸುತ್ತಿದ್ದವನು ನಾನೇ. ಆದರೂ ಆ ಎರಡು ದಿನ ನಮ್ಮಲ್ಲಿ ಒಬ್ಬರಿಗೂ ಅದು ನೆನಪಾಗಲಿಲ್ಲ.

‘ನಿಮ್ಮ ಡಬ್ಬ ಎಲ್ಲಾ ಒಂದೇ ಥರ ಅವೆ. ಕೈಗೆ ಗೊತ್ತಾಗಕಿಲ್ಲ’ ಎಂದಳು.

ಆಗ ನನಗೆ ಅರ್ಥವಾಯಿತು. ಪಿಂಗಾಣಿಯ ತಣ್ಣನೆಯ ನುಣುಪು ಉಪ್ಪು, ಸೊಟ್ಟಗಾದ ತಗಡು ಖಾರದಪುಡಿ, ಗಾಜು ಬೇಳೆ, ಒರಟು ಮಣ್ಣು ಹುಣಿಸೆಹಣ್ಣು. ನಾವು ಅಸ್ತವ್ಯಸ್ತವೆಂದು ಕರೆದುದು ಅವಳ ಕೈ ಓದಿಕೊಳ್ಳುತ್ತಿದ್ದ ಅಕ್ಷರಮಾಲೆ. ಅದನ್ನು ಅಳಿಸಿ, ಅವಳು ಓದಲಾರದ ಅಕ್ಷರಗಳನ್ನು ಅಂಟಿಸಿ, ಓರಣ ಮಾಡಿದೆವೆಂದು ಬೀಗಿದೆವು. ಮನೆ ಅಚ್ಚುಕಟ್ಟಾಗಿತ್ತು, ನಿಜ. ಆದರೆ ಅರವತ್ತು ವರ್ಷ ಆ ಒಲೆಯ ಮುಂದೆ ನಿಂತವಳನ್ನು ಅಲ್ಲಿ ನೆಂಟಳನ್ನಾಗಿ ಮಾಡಿಬಿಟ್ಟಿದ್ದೆವು.

ಆ ಸಾಯಂಕಾಲ ಅಡುಗೆಮನೆಯ ಕೆಲಸ ಮೊದಲಿನಿಂದ ಆರಂಭವಾಯಿತು. ಈ ಸಲ ಅವ್ವ ನಡುವೆ ಮಣೆಯ ಮೇಲೆ ಕುಳಿತಳು. ನಾವು ಒಂದೊಂದೇ ಸಾಮಾನನ್ನು ಅವಳ ಕೈಗೆ ಕೊಟ್ಟೆವು. ಇಲ್ಲಿ ಒಂದು ಆಶ್ಚರ್ಯವನ್ನು ಹೇಳಬೇಕು. ಎಸೆಯಲು ಅವ್ವ ಬಿಡಲಾರಳೆಂದು ಹೆದರಿಯೇ ನಾವು ಅವಳನ್ನು ದೂರ ಇರಿಸಿದ್ದೆವು. ಅವಳಾದರೋ ನಮಗಿಂತ ನಿರ್ದಾಕ್ಷಿಣ್ಯವಾಗಿ ಎಸೆದಳು. ನಾವು ಉಳಿಸಿದ್ದ ಸ್ಟೌವು, ಎರಡು ಕೆಟ್ಟ ಕುಕ್ಕರು, ಪ್ಲಾಸ್ಟಿಕ್ ಚೀಲಗಳ ಗಂಟು ಎಲ್ಲವೂ ಒಂದು ಗಳಿಗೆಯಲ್ಲಿ ಹೊರಗೆ ಹೋದುವು. ತಡೆದುದು ಒಂದು ಕಡೆ ಮಾತ್ರ. ನಮ್ಮ ಮದುವೆಗಳಲ್ಲಿ ಮುಯ್ಯಿಯಾಗಿ ಬಂದ, ಕೊಟ್ಟವರ ಹೆಸರು ಕೊರೆದ ಸ್ಟೀಲಿನ ಪಾತ್ರೆಗಳು ಅಟ್ಟದ ತುಂಬ ಇದ್ದುವು. ಅಕ್ಷರದ ಮೇಲೆ ಬೆರಳಾಡಿಸಿ ಅವ್ವ ಹೆಸರುಗಳನ್ನು ಹೇಳಿದಳು. ಅವರಲ್ಲಿ ಹಲವರು ಈಗಿಲ್ಲ. ಮಾರುವಂತಿಲ್ಲ, ಇನ್ನೊಬ್ಬರ ಮುಯ್ಯಿಗೆ ಕೊಡುವಂತಿಲ್ಲ. ಕೊನೆಗೆ, ಯಾರ ಮನೆಗೆ ಮುಯ್ಯಿ ತೀರಿಸುವುದು ಬಾಕಿಯಿದೆಯೋ ಅದನ್ನು ಪುಸ್ತಕದಲ್ಲಿ ಬರೆಯಿಸಿ, ಪಾತ್ರೆಗಳನ್ನು ಊರ ದೇವಸ್ಥಾನದ ಅನ್ನಸಂತರ್ಪಣೆಗೆ ಕೊಡಿಸಿದಳು. ‘ಅವರ ಹೆಸರಲ್ಲಿ ನಾಕು ಜನ ಉಣ್ಣಲಿ’ ಎಂದಳು.

ಭರಣಿ, ಸೀಸೆ, ತಗಡಿನ ಡಬ್ಬ, ಮಡಕೆ ತಮ್ಮ ತಮ್ಮ ಜಾಗಕ್ಕೆ ಮರಳಿದುವು. ಪಾವು ಗಾಜಿನ ಬೀರುವಿನಿಂದ ಇಳಿದು ಅಕ್ಕಿಯ ಡಬ್ಬವನ್ನು ಸೇರಿತು. ಅವ್ವ ಈಗಲೂ ಅದರಲ್ಲಿಯೇ ಅಕ್ಕಿಯನ್ನು ಅಳೆಯುತ್ತಾಳೆಂಬುದನ್ನು ನಾವು ಕೇಳಿಯೇ ಇರಲಿಲ್ಲ. ಇಪ್ಪತ್ತನಾಲ್ಕು ಡಬ್ಬಿಗಳಲ್ಲಿ ನಾಲ್ಕನ್ನು ತಮ್ಮನ ಹೆಂಡತಿ ಬಿಸ್ಕತ್ತು, ಸಕ್ಕರೆಗಳಿಗೆಂದು ಇಟ್ಟುಕೊಂಡಳು. ಮಿಕ್ಕವು ನನ್ನೊಡನೆ ಮೈಸೂರಿಗೆ ಬಂದು, ಈಗ ನಮ್ಮ ಮನೆಯಲ್ಲಿ ಜಾಗಕ್ಕಾಗಿ ಕಾಯುತ್ತಿವೆ.

ಹಬ್ಬದ ಸಮಯದಲ್ಲಿ ಹಿರಿಯರ ಮನೆಯನ್ನು ಸರಿಪಡಿಸಲು ಹೊರಡುವ ನನ್ನಂಥವರಿಗೆ ನನ್ನದೊಂದು ವಿಜ್ಞಾಪನೆ. ಕಸವನ್ನು ಅಗತ್ಯವಾಗಿ ತೆಗೆಯಿರಿ. ಬಂದವರಿಗೆ ಕುಳಿತುಕೊಳ್ಳಲು ನೆಲ ಬೇಕೇ ಬೇಕು. ಆದರೆ ಯಾವ ಕೋಣೆಯಲ್ಲಿ ಯಾರು ದಿನವೂ ದುಡಿಯುತ್ತಾರೆಯೋ ಅವರ ಕೈಯನ್ನು ಮೊದಲು ಕೇಳಿ, ಆಮೇಲೆ ನಿಮ್ಮ ಕಣ್ಣನ್ನು ಕೇಳಿರಿ.

ಆ ವರ್ಷದ ಯುಗಾದಿಗೆ ಮಳವಳ್ಳಿಯ ಹಿರಿಯರನ್ನು ನಾವೇ ಕರೆತಂದೆವು. ನಡುಮನೆಯಲ್ಲಿ ಚಾಪೆ ಹಾಸಿದ್ದೆವು. ಹೋಳಿಗೆಯ ಊಟವಾಯಿತು. ಸಾರಿಗೆ ಉಪ್ಪು ಸ್ವಲ್ಪ ಕಡಿಮೆಯಾಗಿದೆಯೆಂದು ಅವರು ಹೇಳಿದರು. ಅವ್ವ ಎದ್ದು ಒಳಕ್ಕೆ ಹೋಗಿ, ಒಲೆಯ ಎಡಗಡೆಗೆ ಕೈ ನೀಡಿ, ಭರಣಿಯಿಂದ ಒಂದು ಚಿಟಿಕೆ ತಂದು ಹಾಕಿದಳು.