60 ದಿನಕ್ಕೆ ಮುಗಿಯೋ ಕಾರ್ಡ್

1/5
ಇನ್ಶೂರೆನ್ಸ್ ಅಂದ್ರೆ ನಮ್ಮ ಬಿಕಾಂನವರಿಗೆ ಪ್ರೀಮಿಯಂ, ಕ್ಲೇಮು, ಐದು ಮಾರ್ಕಿನ ಪ್ರಶ್ನೆ. ಇವತ್ತು ಅದನ್ನೇ ಒಂದು ಮಗುವಿನ ಕಡೆಯಿಂದ ನೋಡೋಣ ಬನ್ನಿ. ದೇಶ ಅಮೆರಿಕ, ವರ್ಷ 2022. ಬಿಳಿಯ ತಾಯಂದಿರಿಗೆ ಹುಟ್ಟಿದ ಪ್ರತಿ 1,000 ಮಕ್ಕಳಲ್ಲಿ ಸುಮಾರು 4.5 ಮಕ್ಕಳು ಮೊದಲ ಹುಟ್ಟುಹಬ್ಬಕ್ಕೆ ಮುಂಚೆಯೇ ತೀರಿಕೊಂಡವು. ಕಪ್ಪು ತಾಯಂದಿರ ಮಕ್ಕಳಲ್ಲಿ ಅದು ಸುಮಾರು 10.9. ಎರಡು ಪಟ್ಟಿಗಿಂತ ಜಾಸ್ತಿ!

2/5
ಅಲ್ಲಿ ಬಡವರಿಗೆ ಸರ್ಕಾರಿ ಆರೋಗ್ಯ ವಿಮೆ ಇದೆ. ಹೆಸರು ಮೆಡಿಕೇಡ್, 1965ರಲ್ಲಿ ಬಂದಿದ್ದು. ಖರ್ಚನ್ನ ಕೇಂದ್ರವೂ ರಾಜ್ಯಗಳೂ ಹಂಚಿಕೊಳ್ತವೆ. ದೇಶದ 10 ಹೆರಿಗೆಯಲ್ಲಿ ಸುಮಾರು 4ರ ಬಿಲ್ಲು ಕಟ್ಟೋದು ಇದೇ. ಕಪ್ಪು ತಾಯಂದಿರಲ್ಲಿ 6ಕ್ಕೂ ಹೆಚ್ಚು. ಕಾರ್ಡ್ ಇದ್ಯಲ್ಲ, ಮತ್ತೆ ತೊಂದರೆ ಎಲ್ಲಿ ಅಂತೀರಾ? ತಾರೀಖಿನಲ್ಲಿ.

3/5
ಎಷ್ಟೋ ಬಡ ಹೆಂಗಸರಿಗೆ ಈ ಕವರೇಜ್ ಸಿಗ್ತಿದ್ದದ್ದೇ ಗರ್ಭಿಣಿ ಆದಮೇಲೆ. ಹೆರಿಗೆಯಾಗಿ ಸುಮಾರು 60 ದಿನಕ್ಕೆ ಮುಗೀತಿತ್ತು. ಮಗುವಿಗೆ ಒಂದು ವರ್ಷ ಇರ್ತಿತ್ತು, ತಾಯಿಗೆ ಇಲ್ಲ. ನಮ್ಮನೇಲಿ ಈಗ ಅಕ್ಕನ ಬಾಣಂತನ, ಮೂರನೇ ತಿಂಗಳು. ಕಿವಿಗೆ ಹತ್ತಿ ಇಡದೆ ಅಮ್ಮ ಅವಳನ್ನ ಹಿತ್ತಲಿಗೂ ಬಿಡಲ್ಲ. ಬಿಪಿ ಮಾತ್ರೆ ಇನ್ನೂ ನಿಂತಿಲ್ಲ. ಈ ಹೊತ್ತಲ್ಲಿ ಅಕ್ಕನಿಗೆ ಯಾರಾದ್ರೂ "ನಿಮ್ಮ ಕಾರ್ಡ್ ಇನ್ನು ನಡೆಯಲ್ಲ" ಅಂದ್ರೆ? ಯೋಚಿಸಿ.

4/5
ತಾಯಿಯ ಕಾರ್ಡಿಗೂ ಶಿಶು ಮರಣಕ್ಕೂ ಏನು ಸಂಬಂಧ? ದಿನ ತುಂಬೋಕೆ ಮುಂಚೆ, ಕಡಿಮೆ ತೂಕದಲ್ಲಿ ಹುಟ್ಟೋದು ಕಪ್ಪು ಶಿಶುಗಳ ಸಾವಿಗೆ ದೊಡ್ಡ ಕಾರಣ. ತಾಯಿಯ ಬಿಪಿ, ಶುಗರ್ ಹತೋಟಿಯಲ್ಲಿಲ್ಲದಿದ್ರೆ ಆ ಅಪಾಯ ಹೆಚ್ಚು. ಅದಕ್ಕೆ ಚಿಕಿತ್ಸೆ ಬೇಕಾದ್ದು ಗರ್ಭಿಣಿ ಆಗೋಕೆ ಮುಂಚೆ, ಒಂದು ಹೆರಿಗೆಗೂ ಇನ್ನೊಂದಕ್ಕೂ ನಡುವೆ. ಕಾರ್ಡ್ ಇಲ್ಲದ ಕಾಲವೂ ಅದೇ! 2014ರಿಂದ ಹಲವು ರಾಜ್ಯಗಳು ಮೆಡಿಕೇಡನ್ನ ಇನ್ನಷ್ಟು ಬಡ ವಯಸ್ಕರಿಗೆ ಕೊಟ್ಟವು. ಟೆಕ್ಸಾಸ್, ಮಿಸಿಸಿಪಿ, ಅಲಬಾಮ ಒಪ್ಪಲಿಲ್ಲ. 2022ರಿಂದ ಬಾಣಂತಿಯರ ಕವರೇಜನ್ನ 12 ತಿಂಗಳಿಗೆ ಏರಿಸೋಕೆ ರಾಜ್ಯಗಳಿಗೆ ದಾರಿ ಸಿಕ್ತು. ಹೆಚ್ಚಿನವು ಏರಿಸಿವೆ.

5/5
ಕಾರ್ಡ್ ಒಂದೇ ಸಾಕಾ? ಸಾಲದು. ಕಾಲೇಜು ಓದಿದ ಕಪ್ಪು ತಾಯಂದಿರ ಮಕ್ಕಳೂ, ಅಷ್ಟೇ ಓದಿದ ಬಿಳಿಯರ ಮಕ್ಕಳಿಗಿಂತ ಹೆಚ್ಚು ಸಾಯ್ತಿದ್ದಾರೆ. ಆಸ್ಪತ್ರೆ ಒಳಗೆ ಹೇಗೆ ನಡೆಸಿಕೊಳ್ತಾರೆ ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಹಿಂದೆ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರನ್ನ ಸೇರಿಸಿಕೊಳ್ಳದ, ಇಲ್ಲಾ ಬೇರೆ ವಾರ್ಡಿಗೆ ತಳ್ಳುವ ಆಸ್ಪತ್ರೆಗಳಿದ್ದವು. 1966ರಲ್ಲಿ ವೃದ್ಧರ ಸರ್ಕಾರಿ ವಿಮೆ ಮೆಡಿಕೇರ್ ಜಾರಿಯಾದಾಗ, ತಾರತಮ್ಯ ಮಾಡೋ ಆಸ್ಪತ್ರೆಗೆ ದುಡ್ಡಿಲ್ಲ ಅಂತ ಸರ್ಕಾರ ಷರತ್ತು ಹಾಕ್ತು. ಬಾಗಿಲು ತೆರೀತು. ಮುಂದಿನ ವರ್ಷಗಳಲ್ಲಿ ಮಿಸಿಸಿಪಿಯಲ್ಲಿ ನ್ಯುಮೋನಿಯಾ, ಭೇದಿಯಿಂದ ಸಾಯೋ ಕಪ್ಪು ಶಿಶುಗಳ ಸಂಖ್ಯೆ ಜೋರಾಗಿ ಇಳೀತು.

ನಾಳೆ ನಮ್ಮಲ್ಲೇ ಯಾರೋ ಒಬ್ರು ವಿಮಾ ಆಫೀಸಲ್ಲೋ ಸರ್ಕಾರಿ ಯೋಜನೇಲೋ ಕೂತಿರ್ತೀವಿ. ಎಷ್ಟು ಜನಕ್ಕೆ ಕಾರ್ಡ್ ಕೊಟ್ರಿ ಅಂತ ಎಲ್ರೂ ಕೇಳ್ತಾರೆ. ಯಾವತ್ತಿಂದ ಯಾವತ್ತಿನವರೆಗೆ, ಯಾವ ಷರತ್ತಿನ ಮೇಲೆ ಅಂತ ನೀವು ಕೇಳಿ.

#ಬಿಕಾಂ_ಬರಹ