ಲಿವರ್‌ಪೂಲಿನ ಹುಡುಗರೂ ನಮ್ಮ ಮಗನೂ

2022ರ ಆಷಾಢದಲ್ಲಿ ನಮ್ಮ ಹಿರಿಯ ಮಗ ಬೆಂಗಳೂರಿನಿಂದ ಹೇಳದೆ ಕೇಳದೆ ದಾವಣಗೆರೆಗೆ ಬಂದ. ಎರಡು ದಿನದ ರಜೆಯೆಂದವನು ಹತ್ತು ದಿನವಾದರೂ ಹೊರಡಲಿಲ್ಲ. ಒಂದು ರಾತ್ರಿ ಊಟವಾದ ಮೇಲೆ ವಿಷಯ ಹೊರಬಿತ್ತು. ಅವನು ದುಡಿಯುತ್ತಿದ್ದ, ಹನ್ನೆರಡು ಮಂದಿಯ ವಿಡಿಯೋ ಗೇಮ್ ಸಂಸ್ಥೆ ಬಾಗಿಲು ಹಾಕಿತ್ತು. ಅದಕ್ಕೂ ಮೊದಲು ನಾಲ್ಕು ತಿಂಗಳು ಸಂಬಳವೇ ಬಂದಿರಲಿಲ್ಲ. “ಮೊದಲೇ ಏಕೆ ತಿಳಿಸಲಿಲ್ಲಪ್ಪಾ?” ಎಂದು ಕೇಳಿದೆವು. ಅವನು ತಟ್ಟೆಯನ್ನೆತ್ತಿಕೊಂಡು ಒಳಗೆ ಹೋದ.

ಮರುದಿನ ತಾನಾಗಿಯೇ ಕರೆದು, 1984ರಲ್ಲಿ ಬಿಬಿಸಿಯವರು ತೋರಿಸಿದ ಒಂದು ಹಳೆಯ ಸಾಕ್ಷ್ಯಚಿತ್ರವನ್ನು ನಮಗೆ ತೋರಿಸಿದ. ಆಟವೆಂದರೆ ಚೌಕಾಬಾರವೆಂದೇ ತಿಳಿದ ನಾವು ಅವನ ವಿವರಣೆಯ ಆಸರೆಯಲ್ಲಿ ನೋಡುತ್ತ ಕುಳಿತೆವು.

ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಮಾರ್ಕ್ ಬಟ್ಲರ್, ಡೇವಿಡ್ ಲಾಸನ್ ಎಂಬ ಇಬ್ಬರು ತರುಣರು 1982ರಲ್ಲಿ ‘ಇಮ್ಯಾಜಿನ್ ಸಾಫ್ಟ್‌ವೇರ್’ ಎಂಬ ಸಂಸ್ಥೆಯನ್ನು ಕಟ್ಟಿದರು. ಆಗ ಆಟಗಳು ಹಾಡಿನ ಕ್ಯಾಸೆಟ್ಟಿನಂಥ ಕ್ಯಾಸೆಟ್ಟುಗಳಲ್ಲಿಯೇ ಬರುತ್ತಿದ್ದವು. ಸ್ಪೆಕ್ಟ್ರಮ್ ಎಂಬ ಪುಟ್ಟ ಗಣಕಕ್ಕೆ ಟೇಪ್ ರೆಕಾರ್ಡರ್ ಜೋಡಿಸಿ ಮಕ್ಕಳು ಆಡುತ್ತಿದ್ದರು. ಲಾಸನ್ ಬರೆದ ‘ಆರ್ಕೇಡಿಯಾ’ ಆ ವರ್ಷದ ಕ್ರಿಸ್‌ಮಸ್ಸಿಗೆ ಭರದಿಂದ ಮಾರಾಟವಾಯಿತು. ಒಂದು ಕ್ಯಾಸೆಟ್ಟಿಗೆ ಐದೂವರೆ ಪೌಂಡು. ಹಣ ಬಂತು, ಹಣದ ಹಿಂದೆಯೇ ಬೆಲೆಬಾಳುವ ಕಾರುಗಳು, ದೊಡ್ಡ ಕಚೇರಿ, ಪತ್ರಿಕೆಗಳಲ್ಲಿ ಹೆಸರು ಎಲ್ಲವೂ ಬಂದವು. ಹದಿಹರೆಯದ ಹುಡುಗನೊಬ್ಬನಿಗೆ ವರ್ಷಕ್ಕೆ 35,000 ಪೌಂಡು ಸಂಬಳವೆಂದು ಅಲ್ಲಿನ ಪತ್ರಿಕೆಗಳು ಬರೆದವು. ಪತ್ರಿಕೆಯವರ ಲೆಕ್ಕವನ್ನು ಪೂರ್ತಿ ನಂಬಬೇಕಿಲ್ಲವೆನ್ನಿ.

ಈ ವ್ಯಾಪಾರದಲ್ಲಿ ಸುಗ್ಗಿ ವರ್ಷಕ್ಕೊಮ್ಮೆ, ಸಂಬಳ ಪ್ರತಿ ತಿಂಗಳು. ದವಸದ ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲಿವರ್‌ಪೂಲಿನ ಹುಡುಗರು ಮಾತ್ರ ‘ಬ್ಯಾಂಡರ್‌ಸ್ನ್ಯಾಚ್’, ‘ಸೈಕ್ಲ್ಯಾಪ್ಸ್’ ಎಂಬ ಎರಡು ಮಹಾ ಆಟಗಳನ್ನು ತರುವುದಾಗಿ ಸಾರಿದರು. ಅವು ಗಣಕದ ಶಕ್ತಿಗೆ ಮೀರಿದವಾದ್ದರಿಂದ ಜೊತೆಗೊಂದು ಯಂತ್ರದ ತುಣುಕನ್ನೂ ಜೋಡಿಸಬೇಕು. ಬೆಲೆಯೋ ಸಾಮಾನ್ಯ ಕ್ಯಾಸೆಟ್ಟಿನ ಹಲವು ಪಟ್ಟು. ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಕೊಟ್ಟರು. ಅದರಲ್ಲಿ ಆಟದ ಚಿತ್ರವಿರಲಿಲ್ಲ, ಅದನ್ನು ಬರೆಯುತ್ತಿದ್ದ ಹುಡುಗರ ಮುಖಗಳಿದ್ದವು. ತೋರಿಸಲು ಆಟವೇ ಇನ್ನೂ ಆಗಿರಲಿಲ್ಲ!

ಬಿಬಿಸಿಯವರು ಕ್ಯಾಮೆರಾ ಹಿಡಿದು ಹೋದದ್ದು ಏಳಿಗೆಯ ಕಥೆಯನ್ನು ಚಿತ್ರಿಸಲೆಂದು. ಅವರ ಕಣ್ಣೆದುರಿಗೇ ಸಾಲಗಾರರು ಬಂದರು, ಜಫ್ತಿಗೆ ನ್ಯಾಯಾಲಯದ ಅಮೀನರು ಬಂದರು. ಊಟಕ್ಕೆ ಹೋದ ನೌಕರರು ಹಿಂತಿರುಗುವಷ್ಟರಲ್ಲಿ ಕಚೇರಿಗೆ ಬೀಗ ಬಿದ್ದಿತ್ತು. 1984ರ ಜುಲೈನಲ್ಲಿ ಸಂಸ್ಥೆ ಮುಗಿಯಿತು. ಹೆಸರನ್ನು ಮ್ಯಾಂಚೆಸ್ಟರಿನ ‘ಓಶನ್’ ಸಂಸ್ಥೆಯವರು ಕೊಂಡರು.

ಬೀಗದ ದೃಶ್ಯ ಬಂದಾಗ ಮಗ ಚಿತ್ರವನ್ನು ನಿಲ್ಲಿಸಿದ. “ನಮ್ಮಲ್ಲಿಯೂ ಹೀಗೆಯೇ. ಆಟ ಅರ್ಧವಾಗಿತ್ತು, ಸುದ್ದಿ ಪೂರ್ತಿಯಾಗಿತ್ತು” ಎಂದ. ನಮಗೆ ಎದೆ ಹಿಂಡಿದಂತಾಯಿತು. ಆ ಸುದ್ದಿಯನ್ನು ಹರಡಿದವರಲ್ಲಿ ನಾವೂ ಇದ್ದೆವಲ್ಲ! ಬೀಗರ ಮನೆಯ ಗೃಹಪ್ರವೇಶದ ಪಂಕ್ತಿಯಲ್ಲಿ ಕುಳಿತು, ದಸರೆಗೆ ನಮ್ಮ ಹುಡುಗನ ಆಟ ಹೊರಬರುತ್ತದೆ, ಅಮೆರಿಕದವರು ಕೊಳ್ಳುತ್ತಾರೆ ಎಂದು ಹೇಳಿ ಹೋಳಿಗೆ ತಿಂದವರು ನಾವೇ. ನಾಲ್ಕು ತಿಂಗಳು ಅವನ ಬಾಯಿ ಕಟ್ಟಿದ್ದು ಆ ಮಾತು.

ಚಿತ್ರ ಮುಗಿದ ಮೇಲೆ, ಅಲ್ಲಿಯ ಹುಡುಗರು ಮುಂದೇನಾದರೆಂದು ಅವನ ತಾಯಿ ಕೇಳಿದರು. ಲಾಸನ್ ಮತ್ತು ಕೆಲವರು ಸೇರಿ ಅದೇ ಊರಿನಲ್ಲಿ ‘ಸಿಗ್ನಾಸಿಸ್’ ಎಂಬ ಹೊಸ ಸಂಸ್ಥೆ ಕಟ್ಟಿದರಂತೆ. ಅದು 1991ರಲ್ಲಿ ಪ್ರಕಟಿಸಿದ ‘ಲೆಮ್ಮಿಂಗ್ಸ್’ ಲೋಕಪ್ರಸಿದ್ಧವಾಯಿತು. 1993ರಲ್ಲಿ ಸೋನಿಯವರು ಆ ಸಂಸ್ಥೆಯನ್ನೇ ಕೊಂಡರು. 2012ರಲ್ಲಿ ಅದನ್ನೂ ಮುಚ್ಚಿದರು.

ಮಗ ಶ್ರಾವಣ ಕಳೆದು ಬೆಂಗಳೂರಿಗೆ ಮರಳಿದ. ಹಗಲು ಬೇರೊಂದು ಕಡೆ ನೌಕರಿ. ಇರುಳು ಇಬ್ಬರು ಗೆಳೆಯರೊಡನೆ ಏನನ್ನೋ ಬರೆಯುತ್ತಾನೆ. ಮೊನ್ನೆ ಬೀಗರು ಫೋನಿನಲ್ಲಿ, “ಆಟ ಎಲ್ಲಿಗೆ ಬಂತು?” ಎಂದು ವಿಚಾರಿಸಿದರು. “ಇನ್ನೂ ಆಗಿಲ್ಲ, ಆದಾಗ ತಿಳಿಸುತ್ತೇವೆ” ಎಂದು ಹೇಳಿ, ಅವರ ಮನೆಯ ಮಳೆ ಬೆಳೆ ವಿಚಾರಿಸಿದೆವು.