ಸೋದರಮಾವನ ಸಂಧ್ಯಾವಂದನೆ

ನಮ್ಮ ಸೋದರಮಾವನಿಗೆ ವಿಸ್ಕಿಗಿಂತ ಅದರ ಮಡಿಯೇ ಮುಖ್ಯ. ಸೋಮವಾರ ನಂಜುಂಡೇಶ್ವರನ ದಿನ, ಮುಟ್ಟುವಂತಿಲ್ಲ. ಶನಿವಾರ ಹನುಮಂತನದು. ಏಕಾದಶಿ, ಸಂಕಷ್ಟಿ, ಶ್ರಾವಣ ಪೂರ್ತಿ, ಪಿತೃಪಕ್ಷ, ನವರಾತ್ರಿ ಎಲ್ಲ ಕಳೆದು ಒಂಟಿಕೊಪ್ಪಲ್ ಪಂಚಾಂಗದಲ್ಲಿ ಉಳಿಯುವ ಸಂಜೆಗಳಷ್ಟೇ ಅವರ ಪಾಲಿನವು. ಇಷ್ಟೆಲ್ಲ ಬಿಡುವವರಿಗೆ ಗಾಂಧಿ ಜಯಂತಿಗೆ ಸರ್ಕಾರ ಅಂಗಡಿ ಮುಚ್ಚಿಸಿದರೆ ಮಾತ್ರ ರೇಗುತ್ತದೆ. "ನಾನಾಗಿ ಬಿಡೋದು ಬೇರೆ, ಇವರು ಬಿಡಿಸೋದು ಬೇರೆ" ಎನ್ನುತ್ತಾರೆ.

ಅಶೋಕಪುರಂನ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ದುಡಿದ ಜೀವ. ಅಂದಾಜು ಎಂಬುದು ಅವರಿಗಾಗದು. ದೀಪ ಹಚ್ಚಿ ಮುಗಿದ ಮೇಲೆ ಹಿತ್ತಿಲ ಜಗಲಿಗೆ ಬರುತ್ತಾರೆ. ಬೀರುವಿನಿಂದ ಕ್ವಾರ್ಟರ್ ಬಾಟಲಿ ಹೊರಡುತ್ತದೆ, ಅದರ ಹಿಂದೆಯೇ ಕೆಮ್ಮಿನ ಸಿರಪ್ಪಿನ ಜೊತೆ ಬಂದಿದ್ದ ಪುಟ್ಟ ಪ್ಲಾಸ್ಟಿಕ್ ಲೋಟ. ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಹದಿನೈದರ ಗೀಟಿಗೆ ಸರಿಯಾಗಿ ನಾಲ್ಕು ಸಲ ಸುರಿದು, ಸ್ಟೀಲ್ ಲೋಟಕ್ಕೆ ಬಗ್ಗಿಸಿದರೆ 60 ಎಂ.ಎಲ್. ಪಕ್ಕದಲ್ಲಿ ಎರಡು ಕೋಡುಬಳೆ. ಕೊನೆಗೆ, ಅಕ್ಕಪಕ್ಕದವರಿಗೆ ವಾಸನೆ ಹತ್ತದಿರಲೆಂದು ಮೈಸೂರು ಚಿಗುರೆಲೆ, ಅಡಿಕೆ. ಉಳಿದ ದಿನ ಮಾವ ಎಲೆ ಹಾಕುವವರಲ್ಲ. ಹಾಗಾಗಿ ಅವರ ಬಾಯಿ ಕೆಂಪಾದ ದಿನ ಇಡೀ ಬೀದಿಗೆ ಸಮಾಚಾರ ಗೊತ್ತು.

ನೀರಿನದೇ ದೊಡ್ಡ ಕಥೆ. ಊರಿಗೆ ಹೊಂಗಳ್ಳಿ, ಬೆಳಗೊಳದಿಂದ ಕಾವೇರಿ ಬರುತ್ತಾಳೆ. ಬಿದರಗೋಡಿನ ಕಡೆಯಿಂದ ಕಬಿನಿ. ಕಬಿನಿ ನೀರು ಬರುವ ಬಡಾವಣೆಯ ನೆಂಟರ ಮನೆಗೆ ಹೊರಟರೆ ಮಾವನ ಚೀಲದಲ್ಲಿ ಒಂದು ಬಾಟಲಿ ಕಾವೇರಿ ನೀರಿರುತ್ತದೆ. ಸೋಡಾ ಅವರ ಪ್ರಕಾರ ಹೊಟ್ಟೆಯುಬ್ಬರದವರಿಗೆ. ನೀರಿನ ಹಟಕ್ಕೆ ಅವರಲ್ಲಿ ಕಾರಣವೂ ಇದೆ. ನಮ್ಮ ಮಾಮೂಲಿ ವಿಸ್ಕಿಗಳಿಗೆ ಬುಡ ಬಹುಮಟ್ಟಿಗೆ ಕಾಕಂಬಿಯ ಮದ್ಯಸಾರವೇ, ಮೇಲೆ ಒಂದಿಷ್ಟು ಮಾಲ್ಟ್. ಯುರೋಪಿನ ಕಾನೂನು ಅದನ್ನು ವಿಸ್ಕಿಯೆಂದು ಒಪ್ಪುವುದಿಲ್ಲ. ಅಲ್ಲಿ ಧಾನ್ಯದಿಂದಲೇ ಆಗಬೇಕು. ಮಾವ ಒಪ್ಪುತ್ತಾರೆ. "ಕನ್ನಂಬಾಡಿ ನೀರು ಕುಡಿದು ಬೆಳೆದ ಕಬ್ಬು, ಮಂಡ್ಯದಲ್ಲಿ ಅರೆದ ಕಾಕಂಬಿ. ಅದಕ್ಕೆ ಬೇರೆ ಹೊಳೆ ನೀರು ಹುಯ್ದರೆ ಒಗ್ಗುತ್ತೇನೋ?" ಅವರ ಬಾಟಲಿಯ ಕಾಕಂಬಿ ಮಂಡ್ಯದ್ದೇ ಎಂದು ಯಾರೂ ಬರೆದುಕೊಟ್ಟಿಲ್ಲ. 1933ರಲ್ಲಿ ಶುರುವಾದ ಮೈಷುಗರ್ ಕಾರ್ಖಾನೆಯ ಮೇಲಿನ ಅಭಿಮಾನಕ್ಕೆ ಅಂಥ ಕಾಗದವೆಲ್ಲ ಬೇಕಿಲ್ಲ.

ಸ್ಕಾಟ್‌ಲೆಂಡಿನಲ್ಲಿರುವ ಮಗ ಒಂದು ಸಲ ರಜಕ್ಕೆ ಬಂದಾಗ ಅಪ್ಪನಿಗೆಂದು ಸಿಂಗಲ್ ಮಾಲ್ಟ್ ತಂದ. ಬಿಚ್ಚಿ ನೋಡಿದರೆ ಅಮೃತ್ ಫ್ಯೂಷನ್! ಬೆಂಗಳೂರಿನಲ್ಲಿ 1948ರಲ್ಲಿ ಹುಟ್ಟಿದ ಕಂಪನಿ, 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಮೊದಲು ಮಾರಲು ಇಟ್ಟದ್ದು ಗ್ಲಾಸ್ಗೋದಲ್ಲಿ. ಭಟ್ಟಿ ಇರುವುದು ಕುಂಬಳಗೋಡಿನ ಹತ್ತಿರ, ಕಂಬೀಪುರದಲ್ಲಿ. "ಮೈಸೂರು ರಸ್ತೆ ಮಾಲನ್ನ ವಿಮಾನದಲ್ಲಿ ತಂದೆಯೇನೋ?" ಎಂದು ಮಾವ ನಕ್ಕರು. ರುಚಿ ನೋಡಿ, ತಳ ಹತ್ತಿದ ಪಾಯಸದ ಹಾಗೆ ಹೊಗೆ ವಾಸನೆ ಎಂದರು. ಅದರ ಬಾರ್ಲಿಯಲ್ಲಿ ಒಂದು ಪಾಲು ಸ್ಕಾಟ್‌ಲೆಂಡಿನದು, ಪೀಟ್ ಹೊಗೆಯಲ್ಲಿ ಒಣಗಿಸಿದ್ದು ಎಂದು ಮಗ ವಿವರಿಸಿದ. ಮಾವ ಮಗನ ಮುಖ ನೋಡಿಕೊಂಡೇ ಲೋಟ ಖಾಲಿ ಮಾಡಿದರು. ಅವನು ಹೊರಟುಹೋಗುವವರೆಗೂ ದಿನಾ ಅದನ್ನೇ ಕುಡಿದರು. ಸೋಮವಾರ ಒಂದು ಬಿಟ್ಟು. ಆ ವಾರ ಶನಿವಾರಕ್ಕೂ ವಿನಾಯಿತಿ ಸಿಕ್ಕಿತು.

ಆ ದಿನಗಳಲ್ಲೇ ಮಗ ಇನ್ನೊಂದು ಸಂಗತಿ ಹೇಳಿದ್ದ. ಪೀಪಾಯಿಯಲ್ಲಿ ಮಾಗಲು ಇಟ್ಟ ವಿಸ್ಕಿಯಲ್ಲಿ ಒಂದಿಷ್ಟು ಗಾಳಿಗೆ ಹಾರಿಹೋಗುತ್ತದೆ, ಅದನ್ನು ದೇವತೆಗಳ ಪಾಲು ಅನ್ನುತ್ತಾರೆ. ಸ್ಕಾಟ್‌ಲೆಂಡಿನ ಚಳಿಯಲ್ಲಿ ವರ್ಷಕ್ಕೆ ಶೇಕಡಾ 2, ಬೆಂಗಳೂರಿನ ಹವೆಯಲ್ಲಿ ಶೇಕಡಾ 10ಕ್ಕೂ ಮೇಲೆ. "ಇಲ್ಲಿ ದೇವತೆಗಳೂ ಜಾಸ್ತಿ, ಬಾಯಾರಿಕೆಯೂ ಜಾಸ್ತಿ" ಎಂದರು ಮಾವ.

ಮಾವನ ಲೋಟದಲ್ಲೂ ಅಂಥದೊಂದು ಪಾಲು ಮೊದಲಿಂದ ಇದೆ. ಗುಟುಕಿಗೆ ಮುಂಚೆ ಉಂಗುರದ ಬೆರಳು ಅದ್ದಿ ನೆಲಕ್ಕೆ ಹನಿ ಚಿಮುಕಿಸುತ್ತಾರೆ. ನಾನು ಚಿಕ್ಕವನಿದ್ದಾಗ ಅದು ಒಂದೇ ಸಲ, ಭೂಮಿತಾಯಿಗೆ. ಆಗ ಜಗಲಿಯ ಮೇಲೆ ಜಾಗ ಸಾಲುತ್ತಿರಲಿಲ್ಲ. ವಿರಾಜಪೇಟೆಯ ನಿವೃತ್ತ ಸುಬೇದಾರರು ಮಿಲಿಟರಿ ಕ್ಯಾಂಟೀನಿನ ರಮ್ಮು ತರುತ್ತಿದ್ದರು. ಕೆಮ್ಮಿರಲಿ ಬಿಡಲಿ, ಬ್ರಾಂದಿ ಬಿಟ್ಟು ಬೇರೆ ಮುಟ್ಟದ ಒಬ್ಬ ಹೆಡ್‌ಮಾಸ್ತರರಿದ್ದರು. ವರ್ಕ್‌ಶಾಪಿನ ಗೆಳೆಯರೊಬ್ಬರು ಬರೀ ನಿಂಬೆ ಶರಬತ್ತು ಕುಡಿದು ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದರು. ಈಗ ಮಾವ ಬೆರಳು ಅದ್ದುತ್ತಾರೆ, ಚಿಮುಕಿಸುತ್ತಾರೆ, ಮತ್ತೆ ಅದ್ದುತ್ತಾರೆ. ಅಷ್ಟು ಕರಾರುವಾಕ್ಕಾಗಿ ಅಳೆದ 60ರಲ್ಲಿ ಅವರ ಗಂಟಲಿಗೆ ಇಳಿಯುವುದು ಎಷ್ಟೋ!

ನೆಲ ಒರೆಸುವ ಅತ್ತೆಗೆ ಮೊನ್ನೆ ತಡೆಯಲಾಗಲಿಲ್ಲ. "ಅಲ್ಲಾರೀ, ಅಷ್ಟೂ ಜನಕ್ಕೆ ಸೇರಿಸಿ ಒಂದೇ ಸಲ ಹಾಕಬಾರದೇ?"

"ಹಾಗಾಗಲ್ಲ ಕಣೇ" ಎಂದರು ಮಾವ, ಬೆರಳು ಲೋಟದಲ್ಲೇ ಇಟ್ಟುಕೊಂಡು. "ಒಬ್ಬೊಬ್ಬರ ಬ್ರಾಂಡೂ ಬೇರೆ. ಇವತ್ತೊಂದು ದಿನ ಇದನ್ನೇ ಹೊಂದಿಸಿಕೊಳ್ಳಿ ಅಂತ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೇಳ್ಬೇಕು."